ಈಜುಕೊಳದ ಬೇಲಿ ಮತ್ತು ನನ್ನ ಸಹಿ

ಮನೆಯ ಹಿತ್ತಲಲ್ಲಿ ಈಜುಕೊಳ ಕಟ್ಟಲು ಅನುಮತಿ ಬೇಕೆಂಬ ಅರ್ಜಿ ನನ್ನ ಮೇಜಿಗೆ ಬಂದ ದಿನ ನನಗೆ ಈಜು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಅಲ್ಲಿಯವರೆಗೆ ಈಜುಕೊಳವನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಆದರೂ ಅದರ ಸುತ್ತ ಎಂಥ ಬೇಲಿ ಇರಬೇಕು, ಬಾಗಿಲು ಯಾವ ಕಡೆ ತೆರೆಯಬೇಕು, ಮಗುವೊಂದು ನೀರಿನ ಹತ್ತಿರ ಹೋಗದಂತೆ ಏನು ಮಾಡಬೇಕು ಎಂದು ಹೇಳಬೇಕಾದವನು ನಾನೇ ಆಗಿದ್ದೆ. ಸರ್ಕಾರಿ ಕೆಲಸದಲ್ಲಿ ಹೀಗೆ ಆಗುತ್ತದೆ. ಗೊತ್ತಿಲ್ಲದ್ದನ್ನು ಕೇಳಲು ಜನ ಬರುತ್ತಾರೆ. ಗೊತ್ತಿಲ್ಲ ಎಂದು ಹೇಳುವ ಕಾಲಂ ಯಾವ ಫಾರಂನಲ್ಲೂ ಇರುವುದಿಲ್ಲ.

ಕಟ್ಟಡ ಪರವಾನಗಿ ನೋಡುವ ಕಿರಿಯ ಎಂಜಿನಿಯರ್ ಆಗಿ ಎಂಬತ್ತು, ತೊಂಬತ್ತರ ದಶಕಗಳನ್ನು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ಕಳೆದೆ. ಕಚೇರಿಗಳ ಹೆಸರು ಬೇಡ. ಈಗ ಅಲ್ಲಿ ಕೂತವರಿಗೂ ನನ್ನ ತಪ್ಪುಗಳಿಗೂ ಸಂಬಂಧವಿಲ್ಲ. ಇದೇ ಕೆಲಸಕ್ಕೆ ಹೊಸದಾಗಿ ಸೇರುವವರು ಕೆಲವರು ಆಗಾಗ ಮನೆಗೆ ಬಂದು, "ಸರ್, ಫೀಲ್ಡಿನಾಗ ಹ್ಯಾಂಗ ಇರ್ತೈತಿ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಹೊರಟರೆ ಹಿಂದಿನದು ಮುಂದಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗಲೂ ಕೆಲವು ವಿಷಯ ನನಗೆ ಸ್ಪಷ್ಟವಾಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮೊದಲು ಲಿಂಗಸುಗೂರು. ಕೆಲಸಕ್ಕೆ ಸೇರಿದ ವರ್ಷ. ನನ್ನ ಮೇಲಿನ ಅಧಿಕಾರಿ ಹಣಮಂತರಾಯರು, ಶುಭ್ರ ಬಿಳಿ ಅಂಗಿ, ಬಿಳಿ ಪ್ಯಾಂಟಿನ, ಸಣ್ಣ ದನಿಯ ಮನುಷ್ಯ. ಮನೆಯೊಳಗಿನ ತೆರೆದ ಬಾವಿಗಳಿಗೆ ಮೂರು ಅಡಿ ಕಟ್ಟೆ ಇದೆಯೋ ಇಲ್ಲವೋ ನೋಡಿ ಬರಲು ನನ್ನನ್ನು ಕಳಿಸಿದರು. "ಟೇಪ್ ಹಿಡಿ, ಅಳಿ, ಬರಿ, ಬಾ. ಮಾತಾಡಕೋಂತ ಕುಂದರಬ್ಯಾಡ," ಎಂದರು.

ಒಂದು ಮನೆಯಲ್ಲಿ ಕಟ್ಟೆ ಸರಿಯಾಗಿ ಮೂರು ಅಡಿ ಎರಡು ಅಂಗುಲ ಬಂತು. ಖುಷಿಯಿಂದ ಬರೆದುಕೊಂಡೆ. ಮನೆಯ ಮುದುಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು.

"ಕಟ್ಟಿ ಅಳದಿ. ಆ ಅರಬಿ ಒಗಿಯೋ ಕಲ್ಲು ಅಳದಿಲ್ಲಲ್ಲೋ ತಮ್ಮಾ?" ಎಂದಳು.

ಕಟ್ಟೆಗೆ ತಾಗಿಕೊಂಡೇ ಎರಡಡಿ ಎತ್ತರದ, ಬಟ್ಟೆ ಒಗೆಯುವ ಕಲ್ಲಿತ್ತು.

"ಕಲ್ಲು ನಮ್ಮ ಫಾರಂನಾಗ ಇಲ್ಲಬೇ ಯವ್ವಾ," ಎಂದೆ.

ಅವಳು ನಕ್ಕು ಒಳಗೆ ಹೋದಳು. ಮುದುಕಿಗೆ ಕಾಯಿದೆ ತಿಳಿಯದು ಎಂದು ನಾನೂ ನಕ್ಕೆ. ಆ ಕಲ್ಲಿನ ಮೇಲೆ ಮಗು ನಿಂತರೆ ಕಟ್ಟೆ ಉಳಿಯುವುದು ಒಂದಡಿ ಮಾತ್ರ ಎಂಬ ಲೆಕ್ಕ ನನ್ನ ತಲೆಗೆ ಹೋಗಲು ಹತ್ತು ವರ್ಷ ಹಿಡಿಯಿತು.

ಎಂಬತ್ತರ ದಶಕದ ಕೊನೆಗೆ ಮಸ್ಕಿಯಲ್ಲಿದ್ದೆ. ಅಲ್ಲಿನ ಬಟ್ಟೆ ವ್ಯಾಪಾರಿ ಗುರುಬಸಪ್ಪನವರಿಗೆ ಮೊಣಕಾಲು ನೋವು. ಬೊಂಬಾಯಿಯ ನೆಂಟರ ಮನೆಯಲ್ಲಿ ಬಿಸಿನೀರಿನ ದೊಡ್ಡ ತೊಟ್ಟಿಯೊಳಗೆ ಕುತ್ತಿಗೆವರೆಗೆ ಕೂತು ಬಂದಿದ್ದರು. ಬಂದವರೇ ಹಿತ್ತಲಲ್ಲಿ ಗುಂಡಗಿನ ಸಿಮೆಂಟ್ ತೊಟ್ಟಿ ಕಟ್ಟಿಸಿ, ಪಕ್ಕದಲ್ಲಿ ಹಂಡೆ ಒಲೆ ಹೂಡಿ, ದಿನಾ ಸಂಜೆ ಅದರಲ್ಲಿ ಕೂರತೊಡಗಿದರು. ಓಣಿಯ ಮಕ್ಕಳು ನೋಡಲು ಬರುತ್ತಿದ್ದವು. ಪಕ್ಕದ ಮನೆಯವರು ದೂರು ಕೊಟ್ಟರು.

ಇದು ಬಚ್ಚಲೋ, ನೀರಿನ ಟಾಕಿಯೋ, ಏನೆಂದು ಬರೆಯುವುದೋ ನನಗೆ ತಿಳಿಯಲಿಲ್ಲ. ಹಣಮಂತರಾಯರು ಆಗ ಮಸ್ಕಿಯನ್ನೂ ನೋಡಿಕೊಳ್ಳುತ್ತಿದ್ದರು. ಅವರನ್ನು ಕೇಳಿದೆ.

"ಒಳಗ ಮನುಷ್ಯಾ ಕುಂದರತಾನಿಲ್ಲೋ? ಹಂಗಾರ ಬಚ್ಚಲ," ಎಂದರು.

"ಮನುಷ್ಯಾ ಎದ್ದು ಹೋದ ಮ್ಯಾಗೂ ನೀರು ಹಂಗ ಇರ್ತಾವ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಹಂಗಾರ ಟಾಕಿ. ಮುಚ್ಚಳ ಹಾಕಸು."

ಹಾಕಿಸಿದೆ. ಬೇವಿನ ಹಲಗೆಯ ದಪ್ಪ ಮುಚ್ಚಳ. ಮಗುವಿನ ಕೈಗೆ ಅಲುಗದಂತೆ ಇರಲಿ ಎಂದು ನಾನೇ ದಪ್ಪ ಮಾಡಿಸಿದ್ದು. ಹದಿನೈದು ದಿನ ಬಿಟ್ಟು ಹೋದರೆ ಮುಚ್ಚಳ ಗೋಡೆಗೆ ಒರಗಿ ನಿಂತಿತ್ತು, ಮಕ್ಕಳು ಅದರ ಮೇಲೆ ಜಾರಬಂಡಿ ಆಡುತ್ತಿದ್ದವು, ತೊಟ್ಟಿಯಲ್ಲಿ ಹಬೆಯಾಡುವ ನೀರು ತೆರೆದೇ ಇತ್ತು.

"ಇಬ್ಬರು ಗಂಡಾಳು ಬೇಕ್ರಿ ಅದನ್ನ ಎತ್ತಾಕ," ಎಂದರು ಗುರುಬಸಪ್ಪ. "ನನ್ನ ಮೊಣಕಾಲು ನೋಡ್ರಿ. ನಾ ಎತ್ತಲೇನು? ನನ್ನ ಹೇಣ್ತಿ ಎತ್ತಲೇನು?"

ಉಪಾಯ ಹೇಳಿದವನು ಅಲ್ಲಿ ಕಿಟಕಿ ಕೂಡಿಸುತ್ತಿದ್ದ ವೆಲ್ಡರ್ ಖಾಜಾಸಾಬ. ಹಲಗೆಯ ಬದಲು ತೆಳು ತಗಡಿನಲ್ಲಿ ಎರಡು ಹೋಳಿನ ಮುಚ್ಚಳ ಮಾಡಿ, ಬಿಜಾಗರಿ ಹಚ್ಚಿ, ಮೇಲೊಂದು ಚಿಲಕ ಕೂಡಿಸಿಕೊಟ್ಟ. "ಸಾಬ್, ಭಾರ ಇದ್ದದ್ದು ಭದ್ರ ಅಂತ ತಿಳಕೊಂಡೀರಿ ನೀವು. ದಿನಾ ಮುಚ್ಚಾಕ ಬರಬೇಕಲ್ಲ ಮೊದಲ," ಎಂದ. ಮುಂದೆ ಗುರುಬಸಪ್ಪನವರ ಹೆಂಡತಿ ಒಂದೇ ಕೈಯಲ್ಲಿ ಅದನ್ನು ಮುಚ್ಚುವುದನ್ನು ನೋಡಿದೆ. ಆದರೂ ನನ್ನ ವರದಿಯಲ್ಲಿ ಬರೆದದ್ದು, "ಮುಚ್ಚಳ ಅಳವಡಿಸಲಾಗಿದೆ" ಎಂಬ ಎರಡೇ ಪದ. ಮೊದಲ ಮುಚ್ಚಳಕ್ಕೂ ಅದನ್ನೇ ಬರೆದಿದ್ದೆ.

ಇನ್ನು ಸಿಂಧನೂರು. ತೊಂಬತ್ತರ ದಶಕದ ಆರಂಭ. ಕಾಲುವೆ ನೀರಿನಿಂದ ಊರು ಬೆಳೆದು, ಅಕ್ಕಿ ಗಿರಣಿಗಳ ಹೊಗೆ ಎಲ್ಲ ದಿಕ್ಕಿಗೂ ಏಳುತ್ತಿದ್ದ ಕಾಲ. ಗಿರಣಿ ಮಾಲೀಕ ಪಂಪನಗೌಡರು ಊರ ಹೊರಗೆ ಹೊಸ ಮನೆ ಕಟ್ಟಿಸಿದ್ದರು. ಅವರದೇ ಆ ಈಜುಕೊಳದ ಅರ್ಜಿ. ಅವರಿಗೆ ಬೆನ್ನು ನೋವು. ನೀರಲ್ಲಿ ಕೈಕಾಲು ಆಡಿಸಬೇಕೆಂದು ವೈದ್ಯರು ಹೇಳಿದ್ದರಂತೆ. ಅದರ ಜೊತೆ ಊರಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ತಮ್ಮ ಮನೆಯಲ್ಲಿರಲಿ ಎಂಬ ಆಸೆಯೂ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ.

ಕಚೇರಿಯ ಕಪಾಟಿನಲ್ಲಿದ್ದ ನಿಯಮಗಳನ್ನೆಲ್ಲ ತೆಗೆದು ನೋಡಿದೆ. ಬಾವಿಗೆ ನಿಯಮವಿತ್ತು, ಶೌಚದ ಗುಂಡಿಗೆ ಇತ್ತು, ದನದ ಕೊಟ್ಟಿಗೆಗೆ ಇತ್ತು. ಮನೆಯ ಈಜುಕೊಳದ ಬಗ್ಗೆ ನನ್ನ ಕೈಗೆ ಒಂದು ಸಾಲೂ ಸಿಗಲಿಲ್ಲ. ಮೇಲಿನ ಕಚೇರಿಗೆ ಪತ್ರ ಬರೆದೆ. ಎರಡು ತಿಂಗಳಿಗೆ ಉತ್ತರ ಬಂತು: "ನಿಯಮಾನುಸಾರ ಕ್ರಮ ಕೈಗೊಳ್ಳುವುದು." ಯಾವ ನಿಯಮ ಎಂದೇ ನಾನು ಕೇಳಿದ್ದು. ಆ ಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿದ್ದು ಈಗಲೂ ನೆನಪಿದೆ.

ಹಣಮಂತರಾಯರೂ ಆಗ ಸಿಂಧನೂರಿಗೆ ಬಂದಿದ್ದರು. "ಭಾಳ ವಿಚಾರ ಮಾಡಬ್ಯಾಡೋ. ನಾಲ್ಕು ಫೂಟು ಬೇಲಿ, ಒಂದು ಗೇಟು ಅಂತ ಬರಿ. ಬಾವಿಗೆ ಮೂರು ಐತಿ, ಇದಕ್ಕ ಒಂದು ಹೆಚ್ಚಿಗಿ. ಸಾಕಲ್ಲ?" ಎಂದರು.

ಸಾಕೇ? ನನಗೆ ಗೊತ್ತಿರಲಿಲ್ಲ. ಬರೆದೆ.

ಪಂಪನಗೌಡರು ಚೆಂದದ ಬೇಲಿ ಹಾಕಿಸಿದರು. ನೆಲಕ್ಕೆ ಸಮಾನವಾಗಿ ಒಂದರ ಮೇಲೊಂದು ನಾಲ್ಕು ಅಡ್ಡ ಕೊಳವೆಗಳು, ನೀಲಿ ಬಣ್ಣ. ಹಡಗಿನ ಅಂಚಿನ ಕಟಾಂಜನದಂತೆ ಕಾಣುತ್ತಿತ್ತು. ಟೇಪ್ ಹಿಡಿದೆ: ನಾಲ್ಕು ಅಡಿ ಒಂದು ಅಂಗುಲ. ಕಬ್ಬಿಣದ ಗೇಟಿಗೆ ಗಟ್ಟಿ ಚಿಲಕ. "ಬೇಲಿ ಸುರಕ್ಷಿತವಾಗಿದೆ" ಎಂದು ಬರೆದು ಸಹಿ ಹಾಕಿದೆ. ಗೌಡರ ಮೊಮ್ಮಗಳು ಗೌರಿ, ಮೂರೂವರೆ ವರ್ಷದ ಚುರುಕು ಹುಡುಗಿ, ನನ್ನ ಟೇಪಿನ ತಗಡು ಒಳಗೆ ಸರಕ್ಕನೆ ಹೋಗುವುದನ್ನು ನೋಡಿ ಮತ್ತೆ ಮತ್ತೆ ಎಳೆಯಲು ಹೇಳಿದಳು. ಆರೇಳು ಸಲ ಎಳೆದು ಬಿಟ್ಟೆ.

ಅದಾಗಿ ನಾಲ್ಕು ತಿಂಗಳಿಗೆ ಆ ಮನೆಯಲ್ಲಿ ಗೌಡರ ಸೊಸೆಯ ಕುಬಸ, ಅಂದರೆ ಸೀಮಂತದ ಕಾರ್ಯವಿತ್ತು. ನಾನು ಅಲ್ಲಿರಲಿಲ್ಲ. ಮುಂದೆ ಹೇಳುವುದು ಮರುದಿನ ಕೇಳಿ, ನೋಡಿ, ಕೂಡಿಸಿಕೊಂಡದ್ದು.

ಮನೆ ತುಂಬ ಹೆಂಗಸರು. ಮಧ್ಯಾಹ್ನ ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಹಾಡು ಹೇಳುತ್ತಿದ್ದರು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಮಾಲತಿ. ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹೆಣ್ಣುಮಗಳು, ಮೂವತ್ತರ ಆಸುಪಾಸು. ಮನೆಯ ಕೆಲಸದ ಜೊತೆ ಬೆಳಿಗ್ಗೆ ಕೊಳದಲ್ಲಿ ಬಿದ್ದ ಎಲೆ ತೆಗೆಯುವುದೂ ಅವಳದೇ ಕೆಲಸ. ತೊಳೆದ ಪಾತ್ರೆಗಳನ್ನು ಅಡುಗೆಮನೆಗೆ ಒಯ್ದಿಟ್ಟು ತಿರುಗಿ ಬಂದಾಗ ನೀರಿನಲ್ಲಿ ಹಳದಿ ಲಂಗ ಕಾಣಿಸಿತು. ಗೇಟಿಗೆ ಹಾಕಿದ್ದ ಚಿಲಕ ಬಿಗಿಯಾಗಿತ್ತು. ಅದನ್ನು ಎಳೆಯುತ್ತ ನಿಲ್ಲದೆ ಆಕೆ ಬೇಲಿಯನ್ನೇ ಹತ್ತಿ, ಸೀರೆ ಸಮೇತ ನೀರಿಗೆ ಹಾರಿ, ಗೌರಿಯನ್ನು ಎತ್ತಿದಳು. ಬೋರಲು ಮಾಡಿ ಬೆನ್ನು ಬಡಿದಳು. ಮಗು ನೀರು ಕಾರಿತು, ಕೆಮ್ಮಿತು, ಆಮೇಲೆ ಅತ್ತಿತು. ಅಳು ಕೇಳಿ ಜನ ಓಡಿ ಬರುವಷ್ಟರಲ್ಲಿ ಮಾಲತಿ ಒಳಗಿನಿಂದ ಚಿಲಕ ತೆಗೆದು, ಮಗುವನ್ನು ಎದೆಗವಚಿಕೊಂಡು ಹೊರಗೆ ಬಂದಿದ್ದಳು.

ಜನರು ನೋಡಿದ್ದು ತೆರೆದ ಗೇಟು.

ಡಾಕ್ಟರರು ಮಗುವಿಗೆ ಅಪಾಯವಿಲ್ಲ ಎಂದರು. ಆ ಮಾತು ಕೇಳುವವರೆಗೆ ಎಲ್ಲರೂ ಅತ್ತರು. ಕೇಳಿದ ಮೇಲೆ ಸಿಟ್ಟಾದರು. ನಾಲ್ಕು ಅಡಿ ಬೇಲಿ ದಾಟಿ ನಾಲ್ಕು ವರ್ಷ ತುಂಬದ ಕೂಸು ಹೇಗೆ ಹೋದೀತು? ಬೆಳಿಗ್ಗೆ ಎಲೆ ತೆಗೆದವಳು ಗೇಟು ಹಾಕಿಲ್ಲ ಎಂದರು.

"ದರ್ವಾಜಾ ಬಂದ್ ಇತ್ತು," ಎಂದಳಂತೆ ಮಾಲತಿ. ಎರಡು ಸಲ ಹೇಳಿದಳಂತೆ. ಮೂರನೆಯ ಸಲ ಹೇಳಲು ಅವಳನ್ನು ಅಲ್ಲಿ ನಿಲ್ಲಿಸಿಕೊಳ್ಳಲಿಲ್ಲ. ಒದ್ದೆ ಸೀರೆಯಲ್ಲೇ ಅವಳು ಕ್ಯಾಂಪಿಗೆ ನಡೆದು ಹೋದಳು.

ಮರುದಿನ ಬೆಳಿಗ್ಗೆ ಗೌಡರು ನನ್ನನ್ನು ಕರೆಸಿದರು. ಕಣ್ಣುಗಳು ಕೆಂಪಾಗಿದ್ದವು. "ಗೇಟಿಗೆ ಕೀಲಿ ಹಾಕಸ್ತೀನ್ರಿ. ಅಕಿ ಹಾಕಿಲ್ಲ ನೋಡ್ರಿ, ನಮ್ಮ ಕೂಸು ಹೋಗೇ ಬಿಡ್ತಿತ್ತು. ನೀವೂ ಒಂದಿಷ್ಟು ನೋಡಿ ಬರ್ರಿ," ಎಂದು ಒಳಗೆ ಹೋದರು.

ಒಬ್ಬನೇ ಬೇಲಿಯ ಹತ್ತಿರ ಹೋದೆ. ಪಾತ್ರೆ ತಿಕ್ಕಿದ ಬೂದಿ ಕೆಸರಾಗಿ ಒಣಗಿ ಬಿದ್ದಿತ್ತು. ಅಲ್ಲಿಂದ ಬೇಲಿಗೆ ನಾಲ್ಕೇ ಹೆಜ್ಜೆ. ಕೆಳಗಿನ ನೀಲಿ ಕೊಳವೆಯ ಮೇಲೆ ಬೂದಿಯ ಗುರುತು ಕಂಡಿತು. ಬಗ್ಗಿ ನೋಡಿದೆ. ಐದು ಕಾಲ್ಬೆರಳುಗಳು, ಜೋಳದ ಕಾಳಿನಷ್ಟಷ್ಟೇ. ಎರಡನೆಯ ಕೊಳವೆಯ ಮೇಲೆ ಮತ್ತೊಂದು. ಮೂರನೆಯದರ ಮೇಲೆ ಅರ್ಧ ಅಳಿಸಿದ್ದು. ಸ್ವಲ್ಪ ದೂರದಲ್ಲಿ ದೊಡ್ಡವರ ಹೆಜ್ಜೆಯ ಗುರುತು, ಅದು ಮಾಲತಿಯದು.

ನಾನು ನಾಲ್ಕು ಅಡಿ ಅಳೆದಿದ್ದೆ. ಅದು ಬೇಲಿಯಲ್ಲ, ನಾಲ್ಕು ಮೆಟ್ಟಿಲಿನ ಏಣಿ. ನಾನೇ ಸಹಿ ಹಾಕಿ ನಿಲ್ಲಿಸಿದ ಏಣಿ.

ಈಗ ಬರೆಯುವುದನ್ನು ಒಬ್ಬರಿಗೆ ಬಿಟ್ಟು ಇದುವರೆಗೆ ಯಾರಿಗೂ, ಮನೆಯವರಿಗೂ ಹೇಳಿಲ್ಲ. ನನ್ನ ಕೈ ಜೇಬಿಗೆ ಹೋಯಿತು, ಕರವಸ್ತ್ರ ತೆಗೆಯಿತು, ಕೆಳಗಿನ ಕೊಳವೆಯ ಮೇಲಿನ ಆ ಪುಟ್ಟ ಬೆರಳುಗಳನ್ನು ಒರೆಸಿಬಿಟ್ಟಿತು. ಯಾಕೆ ಎಂದು ನನ್ನನ್ನು ಕೇಳಬೇಡಿ. ಹೆದರಿಕೆಯೇ ಇರಬೇಕು. ಎರಡನೆಯದಕ್ಕೆ ಕೈ ಹೋದಾಗ ನಿಂತಿತು. ಅದು ಯಾಕೆ ನಿಂತಿತೋ ಅದೂ ಗೊತ್ತಿಲ್ಲ. ಬೂದಿ ಹತ್ತಿದ ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಗೌಡರಿಗೆ ಏನೂ ಹೇಳದೆ ಹೊರಟುಬಿಟ್ಟೆ.

ಹಣಮಂತರಾಯರ ಮುಂದೆ ಕೂತು ಎಲ್ಲ ಹೇಳಿದೆ, ಒರೆಸಿದ್ದೊಂದನ್ನು ಬಿಟ್ಟು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೇಲಿ ನಾಲ್ಕು ಫೂಟು ಐತಿಲ್ಲೋ?"

"ಐತ್ರಿ."

"ಹಂಗಾರ ಅಷ್ಟ ಬರಿ. ಕೂಸು ಹ್ಯಾಂಗ ಹೋತು ಅನ್ನೂದು ನಮ್ಮ ಕಾಲಂನಾಗ ಇಲ್ಲ."

ಅವರು ಕೆಟ್ಟವರಲ್ಲ. ಹಿಂದೊಮ್ಮೆ ಯಾವುದೋ ಗೋಡೆ ಬಿದ್ದ ಪ್ರಕರಣದಲ್ಲಿ ವರ್ಷಗಟ್ಟಲೆ ವಿಚಾರಣೆಗೆ ಓಡಾಡಿದವರು. ಕಾಗದಕ್ಕೆ ಹೆದರುವುದನ್ನು ಆಗ ಕಲಿತಿದ್ದರು. ನನ್ನನ್ನು ಉಳಿಸಲೆಂದೇ ಅವರು ಹಾಗೆ ಹೇಳಿದ್ದು. "ಬೇಲಿಯು ನಾಲ್ಕು ಅಡಿ ಒಂದು ಅಂಗುಲ ಎತ್ತರವಿದ್ದು, ಗೇಟಿಗೆ ಚಿಲಕ ಇರುತ್ತದೆ" ಎಂದು ಬರೆದುಕೊಟ್ಟೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನೌಕರಿಗೆ ಹೊಸದಾಗಿ ಬರುವವರು ಈ ವಾಕ್ಯವನ್ನು ಎರಡು ಸಲ ಓದಬೇಕು. ನಾನು ನನ್ನ ಸರ್ವಿಸಿನಲ್ಲಿ ಬರೆದ ಅತಿ ಕೆಟ್ಟ ವಾಕ್ಯ ಅದು.

ಆಮೇಲಿನ ಎಂಟು ಹತ್ತು ದಿನ ನನ್ನ ತಲೆ ನೆಟ್ಟಗಿರಲಿಲ್ಲ. ಊಟಕ್ಕೆ ಕೂತರೆ ಒಂದು ವಾದ, ಕೈ ತೊಳೆಯುವಾಗ ಅದರ ವಿರುದ್ಧ ಇನ್ನೊಂದು. ಮಗು ಉಳಿದಿದೆಯಲ್ಲ, ಯಾರಿಗೇನು ನಷ್ಟ? ಮಾಲತಿಗೆ ಬೇರೆ ಮನೆ ಸಿಕ್ಕೇ ಸಿಗುತ್ತದೆ. ಮರುಕ್ಷಣವೇ, ಮಗುವನ್ನು ಕೊಲ್ಲಲಿದ್ದವಳು ಎಂಬ ಹೆಸರು ಹೊತ್ತವಳನ್ನು ಯಾವ ಮನೆಯವರು ಕರೆದಾರು? ಮಾರ್ಗದಲ್ಲಿ ಕಂಡ ಎಲ್ಲ ಬೇಲಿಗಳನ್ನೂ ನೋಡತೊಡಗಿದೆ. ಬಸ್ ನಿಲ್ದಾಣದ ಕಟಾಂಜನ, ಶಾಲೆಯ ಗೇಟು, ಗಿರಣಿಗಳಲ್ಲಿ ಭತ್ತ ನೆನೆಹಾಕುವ ತೊಟ್ಟಿಗಳು, ಎಲ್ಲದರಲ್ಲೂ ಕಾಲಿಡುವ ಜಾಗವೇ ಕಾಣಿಸುತ್ತಿತ್ತು. ಇಷ್ಟು ವರ್ಷ ನಾನು ಅಳೆದದ್ದಾದರೂ ಏನು?

ಆ ದಿನಗಳಲ್ಲೇ ಒಮ್ಮೆ ಖಾಜಾಸಾಬ ಕಬ್ಬಿಣ ಕೊಳ್ಳಲು ಮಸ್ಕಿಯಿಂದ ಬಂದವನು ಸಿಕ್ಕ. ಚಹಾ ಕುಡಿಯುತ್ತ ಅವನಿಗೆ ಕೇಳಿದೆ, ಕೂಸು ಹತ್ತದಂಥ ಬೇಲಿ ಹೇಗಿರುತ್ತದೆ ಎಂದು.

"ಸೀದಾ ಸಳಿ ಹಾಕಬೇಕ್ರಿ ಸಾಬ್, ನಿಂತಿದ್ದು. ಅಡ್ಡ ಸಳಿ ಹೊರಗಿನ ಮಗ್ಗಲ ಇರಬಾರದು. ಸಳಿ ನಡುವ ಕೂಸಿನ ತಲಿ ತೂರಬಾರದು. ಇಷ್ಟು ನಿಮಗ ತಿಳಿಯಂಗಿಲ್ಲೇನು?"

"ತಿಳಿದಿದ್ದಿಲ್ಲ," ಎಂದೆ.

ಅವನು ಚಹಾದ ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದ. ಎಂಜಿನಿಯರ್ ಒಬ್ಬ ತನಗೆ ತಿಳಿದಿಲ್ಲ ಎಂದದ್ದನ್ನು ಅವನು ಅದೇ ಮೊದಲು ಕೇಳಿದ್ದನೇನೋ. ನಾನೂ ಅದೇ ಮೊದಲು ಹೇಳಿದ್ದು. ಹೇಳಿದರೆ ಏನೂ ಆಗಲಿಲ್ಲ. ಅಂಗಡಿಯವನು ಬಂದು ಕಪ್ಪು ಎತ್ತಿಕೊಂಡು ಹೋದ, ಅಷ್ಟೇ.

ಅಲ್ಲಿಂದ ಎದ್ದು ನೇರವಾಗಿ ಪಂಪನಗೌಡರ ಮನೆಗೆ ಹೋದೆ. ಗೌಡರು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು, ಗೌರಿ ಪಕ್ಕದಲ್ಲಿ ಆಡುತ್ತಿದ್ದಳು. ಕೊಳದ ಗೇಟಿಗೆ ದೊಡ್ಡ ಬೀಗ ಬಿದ್ದಿತ್ತು.

"ಗೌಡ್ರ, ಗೇಟು ಬಂದ್ ಇತ್ತು ಅವತ್ತ. ಮಾಲತಿ ಹೇಳಿದ್ದು ಖರೆ. ಕೂಸು ಬೇಲಿ ಹತ್ತಿ ಇಳದೈತಿ. ಅದರ ಹೆಜ್ಜಿ ಗುರುತು ನಾ ನೋಡೀನಿ. ಒಂದು ಗುರುತು ನನ್ನ ಕೈಲೆ ಒರಸೀನಿ."

ಗೌಡರಿಗೆ ಅರ್ಥವಾಗಲಿಲ್ಲ. "ಏನ್ ಮಾತಾಡಾಕತ್ತೀರಿ? ಇಷ್ಟ ಕೂಸು ಅಷ್ಟು ಎತ್ತರ ಹತ್ತತೈತೇನ್ರಿ?"

ನಾನು ಗೌರಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಅವ್ವೀ, ಅವತ್ತ ನೀರಿಗಿ ಹ್ಯಾಂಗ ಹೋದಿ?"

ಅವಳು ಅಜ್ಜನ ಮುಖ ನೋಡಿದಳು, ಬೈಯುತ್ತಾರೇನೋ ಎಂದು. ಆಮೇಲೆ ಓಡಿ ಹೋಗಿ ಕೆಳಗಿನ ಕೊಳವೆಯ ಮೇಲೆ ಕಾಲಿಟ್ಟಳು. ಎರಡನೆಯದು. ಮೂರನೆಯದು. ಮೇಲಿನ ಕೊಳವೆಗೆ ಹೊಟ್ಟೆ ಆನಿಸಿ, ಆ ಕಡೆ ಬಗ್ಗುವಷ್ಟರಲ್ಲಿ ಗೌಡರು ಹಾರಿ ಹೋಗಿ ಅವಳನ್ನು ಹಿಡಿದೆಳೆದರು. ಎಲ್ಲ ಸೇರಿ ಮೂರು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಮಗುವನ್ನು ಅಪ್ಪಿಕೊಂಡೇ ಅವರು ನೆಲದ ಮೇಲೆ ಕೂತರು.

"ನಾಲ್ಕು ಫೂಟು ಅಂತ ನೀವ ಹೇಳಿದ್ದಲ್ರೀ?"

"ಹೌದ್ರಿ."

"ಸಹಿ ನಿಮ್ದ ಐತಿ."

"ನಂದ ಐತ್ರಿ."

ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. "ಆ ಹೆಣ್ಣುಮಗಳಿಗಿ ನಾ ಏನೇನಂದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಮಂದಿ ಮುಂದ ಅಂದೀನ್ರಿ. ನನ್ನ ಮೊಮ್ಮಗಳನ್ನ ಎತ್ತಿಕೊಂಡು ನಿಂತಿದ್ಲು, ಆಗ ಅಂದೀನಿ."

ಮರುದಿನವೇ ಕೊಳ ಬರಿದು ಮಾಡಿಸಿದರು. ಖಾಜಾಸಾಬ ಬಂದು ಹೊಸ ಬೇಲಿ ಮಾಡಿದ. ಐದು ಅಡಿಯ ನಿಂತ ಸರಳು, ನಡುವೆ ನನ್ನ ಮುಷ್ಟಿಯಷ್ಟೇ ಸಂದು. ಗೇಟು ನೀರಿನ ಕಡೆಗಲ್ಲ, ಹೊರಗಡೆಗೆ ತೆರೆಯುವಂತೆ. ಮಗು ದೂಡಿದರೆ ಇನ್ನಷ್ಟು ಬಿಗಿಯಾಗಬೇಕು. ಚಿಲಕ ಒಳಮಗ್ಗುಲಿಗೆ, ದೊಡ್ಡವರ ಕೈಗೆ ಮಾತ್ರ ಎಟಕುವಷ್ಟು ಮೇಲೆ. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಸಿಂಧನೂರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಖಾಜಾಸಾಬ ಗಾಲಿಯೊಂದರ ಮೇಲಿಂದ ಸರಪಳಿ ಹಾಯಿಸಿ, ತುದಿಗೆ ಕಬ್ಬಿಣದ ಗುಂಡು ಕಟ್ಟಿದ. ಗೇಟು ತೆರೆದರೆ ಗುಂಡು ಮೇಲೇರಿ, ಬಿಟ್ಟರೆ ಕೆಳಗಿಳಿದು ಗೇಟನ್ನು ಎಳೆದುಕೊಳ್ಳುತ್ತಿತ್ತು. ಮನೆಯ ಇನ್ನೊಂದು ಹಿಂಬಾಗಿಲು ನೇರವಾಗಿ ಕೊಳದ ಕಡೆಗೇ ತೆರೆಯುತ್ತದೆ ಎಂಬುದು ಆಗಲೇ ನಮ್ಮ ಗಮನಕ್ಕೆ ಬಂದದ್ದು. ಮೂರು ಕಡೆ ಬೇಲಿ, ನಾಲ್ಕನೆಯ ಕಡೆ ಆ ಬಾಗಿಲು; ಕುಬಸದ ದಿನ ಅದಕ್ಕೆ ಒಳಗಿನಿಂದ ಅಗುಳಿ ಹಾಕಿತ್ತು, ಅಷ್ಟೇ. ಅದನ್ನು ನಾನು ಮೊದಲ ಸಲ ಎಣಿಸಿಯೇ ಇರಲಿಲ್ಲ. ಅಲ್ಲಿಯೂ ಬೇಲಿ ಎದ್ದಿತು. ಬೇಲಿಯ ಹತ್ತಿರವಿದ್ದ ಹೂವಿನ ಕುಂಡ, ಬಕೆಟ್, ಸ್ಟೂಲು ಎಲ್ಲವನ್ನೂ ನಾನೇ ಎತ್ತಿ ದೂರವಿಟ್ಟೆ. ಎಲ್ಲ ಮುಗಿದ ಮೇಲೆ ಮೊಣಕಾಲೂರಿ, ಗೌರಿಯ ಕಣ್ಣಿನ ಎತ್ತರದಿಂದ ಬೇಲಿಯ ಸುತ್ತ ತೆವಳಿದೆ. ಗೌಡರ ಮನೆಯ ಹೆಂಗಸರು ಕಿಟಕಿಯಿಂದ ನೋಡಿ ನಕ್ಕರು. ಅಂದಿನಿಂದ ನಿವೃತ್ತನಾಗುವವರೆಗೆ ನನ್ನ ತಪಾಸಣೆಯ ಪದ್ಧತಿ ಅದೇ ಆಯಿತು. ಪ್ಯಾಂಟಿನ ಮೊಣಕಾಲು ಬೇಗ ಸವೆಯುತ್ತಿತ್ತು.

ಹಳೆಯ ವರದಿ ತಪ್ಪಾಗಿತ್ತು ಎಂದು ಹೊಸ ವರದಿ ಬರೆದು ಹಣಮಂತರಾಯರಿಗೆ ಕೊಟ್ಟೆ. "ನಿಂಗ ತಲಿ ಕೆಟ್ಟೈತಿ," ಎಂದರು. ಮೇಲಿನಿಂದ ನನಗೆ ಮೆಮೊ ಬಂತು. ಮೊದಲ ವರದಿಯನ್ನು ಅಜಾಗರೂಕತೆಯಿಂದ ಬರೆದದ್ದಕ್ಕೋ, ಎರಡನೆಯದನ್ನು ಬರೆದದ್ದಕ್ಕೋ ಅದರ ಭಾಷೆಯಿಂದ ತಿಳಿಯಲಿಲ್ಲ. ಎರಡಕ್ಕೂ ಹೊಂದುವ ಉತ್ತರ ಬರೆದು ಕಳಿಸಿದೆ. ಆದರೆ ಮುಂದಿನ ತಿಂಗಳು ಒಂದು ಗಿರಣಿಯ ತೊಟ್ಟಿ ನೋಡಲು ಹೊರಟಾಗ ಹಣಮಂತರಾಯರು ತಾವಾಗಿಯೇ ಜೊತೆಗೆ ಬಂದು, ಆ ಬಿಳಿ ಪ್ಯಾಂಟಿನಲ್ಲಿ ನೆಲಕ್ಕೆ ಮೊಣಕಾಲೂರಿದರು. ಎದ್ದು ಧೂಳು ಕೊಡವಿಕೊಂಡರು.

ಗೌಡರೂ ನಾನೂ ಒಂದು ಮಧ್ಯಾಹ್ನ ಅವರ ಜೀಪಿನಲ್ಲಿ ಆರ್.ಎಚ್. ಕ್ಯಾಂಪಿಗೆ ಹೋದೆವು. ಎರಡೂ ಕಡೆ ಭತ್ತದ ಗದ್ದೆ, ಮಣ್ಣಿನ ಗೋಡೆಯ ಮನೆಗಳು, ಅಂಗಳದಲ್ಲಿ ಬಾತುಕೋಳಿ. ಮಾಲತಿ ಭತ್ತ ಹರವುತ್ತಿದ್ದಳು. ಗೌಡರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

ಗೌಡರು ಎರಡು ಸಲ ಕೆಮ್ಮಿದರು. "ಮಾಲತಿ, ತಪ್ಪು ನಂದು. ನೀ ಹೇಳಿದ್ದು ಖರೆ ಇತ್ತು. ತಿರುಗಿ ಬಾ. ಗೌರಿ ದಿನಾ ನಿನ್ನ ಕೇಳತಾಳ."

"ತಪ್ಪು ನಂದವ್ವಾ," ಎಂದು ನಾನೂ ಹೇಳಿದೆ.

ಅವಳು ಇಬ್ಬರನ್ನೂ ನೋಡಿದಳು. ಯಾರ ತಪ್ಪು ಎಂಬುದರಲ್ಲಿ ಅವಳಿಗೆ ಆಸಕ್ತಿ ಇದ್ದಂತೆ ಕಾಣಲಿಲ್ಲ. "ಗೌರಿ ಊಟ ಮಾಡತಾಳೇನು? ರಾತ್ರಿ ಬೆಚ್ಚಿ ಬೀಳಂಗಿಲ್ಲಲ್ಲ?" ಎಂದು ಕೇಳಿದಳು. ಗೌಡರು ಇಲ್ಲವೆಂದ ಮೇಲೆ ಹೇಳಿದಳು: "ನಾ ಬರಂಗಿಲ್ಲ ಸಾಹುಕಾರ್. ಸಿಟ್ಟಿಲ್ಲ ನಂಗ. ಅಂಜಿಕಿ ಐತಿ. ನಾಳಿ ಮತ್ತೇನರ ಆದ್ರ, ಮತ್ತ ನಾನ ದರ್ವಾಜಾ ಹಾಕಿಲ್ಲ ಅಂತೀರಿ."

ಗೌಡರು ಹೋಗಿ ಜೀಪಿನ ಹತ್ತಿರ ನಿಂತರು. ನಾನೂ ಹೊರಟೆ. ಮಾಲತಿ ತಡೆದು, ಬೇಲಿ ನೋಡುವವರು ನೀವೇ ಅಲ್ಲವೇ ಎಂದು ಕೇಳಿ, ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ ಮೀನು ಸಾಕುವ ಕೊಳವಿತ್ತು, ಪಂಪನಗೌಡರ ಈಜುಕೊಳದ ಮೂರರಷ್ಟು. ದಂಡೆಯಲ್ಲೇ ಮಕ್ಕಳು ಆಡುತ್ತಿದ್ದರು. ಬೇಲಿ ಇರಲಿಲ್ಲ.

"ಇದಕ್ಕ ಯಾವ ಬೇಲಿ ಸಾಬ್? ನಮ್ಮ ದೊಡ್ಡ ಮಕ್ಕಳಿಗಿ ಈಜು ಬರ್ತೈತಿ. ಸಣ್ಣವಕ್ಕ ಬರಂಗಿಲ್ಲಲ್ಲ."

"ಇದು ನಮ್ಮ ಕಚೇರಿ ಹದ್ದಿನಾಗ ಬರಂಗಿಲ್ಲವ್ವ," ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

"ನಿಮ್ಮ ಕಚೇರಿ ಕೇಳಿಲ್ಲ ನಾ. ಬಿದಿರು ನಮ್ಮಲ್ಲೇ ಐತಿ, ಕಟ್ಟಾಕ ನಾವ ಅದೀವಿ. ಹ್ಯಾಂಗ ಕಟ್ಟಬೇಕು? ಅಷ್ಟ ಹೇಳ್ರಿ."

ಐದು ಅಡಿ, ನಿಂತ ಸೀಳು, ಇಷ್ಟು ಸಂದು ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅದೂ ಸರಿಯೋ ತಪ್ಪೋ ನನಗೇನು ಗೊತ್ತು? ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತೆ.

"ಮೊದಲ ನಿಮ್ಮ ಮಕ್ಕಳನ್ನ ಕರೀರಿ," ಎಂದೆ. "ಯಾರು ಭಾಳ ಚೊಲೋ ಹತ್ತತಾರ, ಅವರನ್ನ."

ಕ್ಯಾಂಪಿನ ನಾಲ್ಕೈದು ಜನ ಬಿದಿರು ಸೀಳಿ ತಂದರು. ಗೌಡರೂ ಜೀಪು ಬಿಟ್ಟು ಬಂದು ಹಗ್ಗ ಹಿಡಿದರು. ಎರಡು ಮಾರು ಬೇಲಿ ಕಟ್ಟಿ ಮಕ್ಕಳನ್ನು ಬಿಟ್ಟೆವು. ಕಟ್ಟಿದ ಹಗ್ಗದ ಗಂಟುಗಳ ಮೇಲೆ ಕಾಲಿಟ್ಟು ಹತ್ತಿದರು. ಬಿಚ್ಚಿ, ಗಂಟುಗಳನ್ನು ಕೊಳದ ಕಡೆಗೆ ಹಾಕಿ ಕಟ್ಟಿದೆವು. ಒಬ್ಬ ಬಾತುಕೋಳಿಯ ಬುಟ್ಟಿಯನ್ನು ತಂದು ಬೋರಲು ಹಾಕಿ ಅದರ ಮೇಲಿಂದ ಹತ್ತಿದ. ಬುಟ್ಟಿಗಳನ್ನು ಒಳಗಿಡಿಸಿ, ಬೇಲಿಯನ್ನು ಇನ್ನೊಂದು ಗೇಣು ಎತ್ತರಿಸಿದೆವು. ಮೂರನೆಯ ಸಲ ಒಬ್ಬೊಬ್ಬರಾಗಿ ಸೋತರು. ಕೊನೆಗೆ ಉಳಿದವಳು ಐದು ವರ್ಷದ ಒಬ್ಬ ಹುಡುಗಿ. ಜಾರಿದಳು, ಮತ್ತೆ ಹತ್ತಿದಳು, ಮತ್ತೆ ಜಾರಿದಳು. ಕಡೆಗೆ ಬೇಲಿಗೆ ಒಂದು ಒದೆ ಕೊಟ್ಟು, ಅಳುಮುಖ ಮಾಡಿಕೊಂಡು ಮಾಲತಿಯ ಕಡೆ ತಿರುಗಿ ಕೂಗಿದಳು:

"ಈ ಬೇಲಿ ಚೊಲೋ ಇಲ್ಲ!"

ಮಾಲತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ನಗು ತಡೆಯಲಾರದೆ ದಂಡೆಯ ಮೇಲೆ ಕೂತುಬಿಟ್ಟಳು.